ಹೆಸರು ಬೇಡವೆಂದ ನಿಮಗೆ

ನಮ್ಮ ಆ್ಯಪ್ ಬಳಸಿ ನೋಡಿ, ಎಲ್ಲೆಲ್ಲಿ ತೊಡಕಾಯಿತು ಎಂದು ಪುಟ ಪುಟವಾಗಿ ಬರೆದು ಕಳಿಸಿದ ನಿಮಗೆ ಈ ಧನ್ಯವಾದ. ಹೆಸರು ಬೇಡ ಎಂದಿದ್ದೀರಿ, ಹಾಗೇ ಇರಲಿ.

ಆಗ ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ. ಹೂಡಿಕೆದಾರರ ಮುಂದೆ ಕೂತಾಗಲೆಲ್ಲ ‘ಇವಳಿಗೇನೂ ಬರೋದಿಲ್ಲ ಅಂತ ಈಗ ಗೊತ್ತಾಗಿಬಿಡುತ್ತೆ’ ಎಂಬ ಅಳುಕು. ಸಾಧನೆ ಮಾಡಿದ ಮಹಿಳೆಯರಲ್ಲೂ ಇದೇ ಅಳುಕಿರುವುದನ್ನು ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಬರೆದಿದ್ದರು ಎಂದು ತಿಳಿಸಿದವರೂ ನೀವೇ. ಎಷ್ಟು ಹಗುರಾದೆ ಗೊತ್ತೇ!

ನೀವು ಹೇಳಿದಂತೆ ನೋಂದಣಿ ಪುಟವನ್ನು ಚಿಕ್ಕದು ಮಾಡಿದೆವು. ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದವರು ಈಗ ಕೊನೆಯವರೆಗೂ ಬರುತ್ತಿದ್ದಾರೆ. ಮೊನ್ನೆ ಗ್ರಾಹಕರೊಬ್ಬರು ನಾವು ನೆನಪಿಸುವ ಮೊದಲೇ ಚಂದಾ ನವೀಕರಿಸಿದರು. ಸಣ್ಣ ಗೆಲುವೇ, ಆದರೂ ಇಡೀ ತಂಡ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಪತ್ರದ ಕೊನೆಗೆ ‘ಮಲ್ಲಿಕಾರ್ಜುನ ಮನ್ಸೂರರ ಹಿಂದೂಸ್ತಾನಿ ಗಾಯನ ಕೇಳಿ’ ಎಂದಿದ್ದಿರಿ. ಈಗ ಕೆಲಸ ಮುಗಿದ ಮೇಲೆ ದಿನವೂ ಅವರೇ. ಎರಡು ರಾಗ ಬೆರೆತ ಅಪರೂಪದ ಜೋಡು ರಾಗಗಳನ್ನು ಅವರು ಹಾಡುವಾಗಿನ ಆ ನಿಸ್ಸಂಕೋಚ ನನಗೆ ಧೈರ್ಯ ಕೊಡುತ್ತದೆ. ಈಚೆಗೆ ಗಾಯಕಿ ಕಿಶೋರಿ ಅಮೋಣಕರರತ್ತಲೂ ಹೊರಳಿದ್ದೇನೆ. ಅದೇ ಜೈಪುರ-ಅತ್ರೌಲಿ ಘರಾಣೆ, ಅಂದರೆ ಅದೇ ಗಾಯನ ಪರಂಪರೆ, ಆದರೆ ಎಷ್ಟು ಬೇರೆ ದಾರಿ! ಮುಂದೆ ಯಾರನ್ನು ಕೇಳಲಿ, ದಯವಿಟ್ಟು ಬರೆಯಿರಿ.