ಎಲೆನ್ ಟೆರಿ ಪತ್ರಗಳು ಕನ್ನಡಕ್ಕೆ: ದೇಣಿಗೆಗಾಗಿ ಮನವಿ

ಆತ್ಮೀಯ ರಂಗಾಸಕ್ತರೇ,

ನಮಸ್ಕಾರ. ನಮ್ಮ ರಂಗ ಗ್ರಂಥಾಲಯದ ಟ್ರಸ್ಟ್ ಈ ವರ್ಷ ಒಂದು ಪುಸ್ತಕ ತರಲು ಹೊರಟಿದೆ. ಇಂಗ್ಲೆಂಡಿನ ನಟಿ ಎಲೆನ್ ಟೆರಿ ಮತ್ತು ನಾಟಕಕಾರ ಬರ್ನಾರ್ಡ್ ಷಾ ಒಬ್ಬರಿಗೊಬ್ಬರು ಬರೆದ ಪತ್ರಗಳಲ್ಲಿ ಆಯ್ದ ಕೆಲವನ್ನು ಕನ್ನಡದಲ್ಲಿ ಕೊಡಬೇಕು ಅನ್ನೋದು ನಮ್ಮ ಆಸೆ. ಅದಕ್ಕೆ ನಿಮ್ಮ ನೆರವು ಕೇಳಲು ಈ ಮನವಿ.

ಷಾ ಹೆಸರು ಎಲ್ಲರಿಗೂ ಗೊತ್ತು. ಟೆರಿ ಹೆಸರು ಕೇಳಿದವರು ಕಡಿಮೆ. ಅವರು ಹುಟ್ಟಿದ್ದು 1847ರಲ್ಲಿ, ಊರೂರು ತಿರುಗುವ ನಾಟಕದವರ ಮನೆಯಲ್ಲಿ. 1856ರಲ್ಲಿ, ಒಂಬತ್ತನೇ ವಯಸ್ಸಿಗೆ, ಲಂಡನ್ನಿನಲ್ಲಿ ಬಣ್ಣ ಹಚ್ಚಿದರು. ಆ ನಾಟಕ ನೋಡಲು ವಿಕ್ಟೋರಿಯಾ ರಾಣಿಯೇ ಬಂದಿದ್ದರು. 1878ರಿಂದ 1902ರವರೆಗೆ ಹೆಸರಾಂತ ನಟ ಹೆನ್ರಿ ಇರ್ವಿಂಗ್ ಅವರ ಲೈಸಿಯಂ ಥಿಯೇಟರಿನಲ್ಲಿ ನಾಯಕಿ. ಶೇಕ್ಸ್‌ಪಿಯರ್ ನಾಟಕಗಳ ಒಫೀಲಿಯಾ, ಪೋರ್ಷಿಯಾ, ಲೇಡಿ ಮ್ಯಾಕ್‌ಬೆತ್ ಎಲ್ಲ ಅವರೇ. ಹದಿನೇಳು ತುಂಬುವ ಮೊದಲೇ ಆದ ಮದುವೆ ಉಳಿಯಲಿಲ್ಲ. ಮುಂದೆ ಇಬ್ಬರು ಮಕ್ಕಳನ್ನು ಸಾಕಿದ್ದು ರಂಗದ ದುಡಿಮೆಯಿಂದಲೇ.

ಇಷ್ಟೆಲ್ಲ ಆಡಿದವರ ಆಟದಲ್ಲಿ ಇವತ್ತು ನಮಗೆ ಸಿಗೋದು ಎಷ್ಟು? 1911ರಲ್ಲಿ ಧ್ವನಿಮುದ್ರಣ ಮಾಡಿದ ಶೇಕ್ಸ್‌ಪಿಯರ್ ಮಾತುಗಳ ಕೆಲವು ತುಣುಕು, ಒಂದಷ್ಟು ಫೋಟೋ, ಚಿತ್ರಕಾರ ಸಾರ್ಜೆಂಟ್ ಬರೆದ ಲೇಡಿ ಮ್ಯಾಕ್‌ಬೆತ್ ಚಿತ್ರ. ಆದರೆ ಪತ್ರಗಳು ಮಾತ್ರ ರಾಶಿ ರಾಶಿ ಇವೆ. ಪತ್ರ ಬರೆಯೋದು ಅಂದರೆ ಟೆರಿಗೆ ಹರಟೆ ಹೊಡೆದ ಹಾಗೆ. ಅವರ ಬಗ್ಗೆ, ಅವರಿಗೆ ಬರೆದವರೂ ಸಾಮಾನ್ಯರಲ್ಲ. ಸಾಹಿತಿ ಆಸ್ಕರ್ ವೈಲ್ಡ್ ಟೆರಿಯ ಮೇಲೆ ಕವಿತೆಯನ್ನೇ ಬರೆದರು. ಹುಡುಗಿ ಆಲಿಸಳ ಕತೆ ಬರೆದ ಲೂಯಿಸ್ ಕ್ಯಾರೊಲ್, ರಂಗಕ್ಕೆ ಬರಲು ಬಯಸುವ ಎಳೆಯರಿಗೆ ಸ್ವಲ್ಪ ದಾರಿ ತೋರಿಸಿ ಅಂತ ಅವರನ್ನು ಕೇಳುತ್ತಿದ್ದರು.

ನಮ್ಮ ಕಣ್ಣು ಬಿದ್ದಿರೋದು ಷಾ ಪತ್ರಗಳ ಮೇಲೆ. ಅದು ಶುರುವಾದ ರೀತಿಯೇ ತಮಾಷೆ. 1892ರಲ್ಲಿ ಟೆರಿ ಒಬ್ಬ ಎಳೆಯ ಗಾಯಕಿಯ ಬಗ್ಗೆ ಅಭಿಪ್ರಾಯ ಕೇಳಿ ಒಂದು ಪತ್ರಿಕೆಯ ಸಂಪಾದಕರಿಗೆ ಬರೆದರು. ಸಂಪಾದಕರು ಅದನ್ನು ತಮ್ಮ ಸಂಗೀತ ವಿಮರ್ಶಕನಿಗೆ ದಾಟಿಸಿದರು. ಆ ವಿಮರ್ಶಕ ಷಾ. ಹೋಗಿ ಕೇಳಿ ಬಂದು, ಇದ್ದದ್ದನ್ನು ಇದ್ದ ಹಾಗೆ ಬರೆದರು. ಅಲ್ಲಿಂದ ಹತ್ತಿದ ಪತ್ರದ ನಂಟು ವರ್ಷಗಟ್ಟಲೆ ನಡೆಯಿತು. ಇಬ್ಬರೂ ಒಂದೇ ಊರಲ್ಲಿದ್ದರು, ಷಾ ಲೈಸಿಯಂಗೆ ನಾಟಕ ನೋಡಲು ಹೋಗುತ್ತಿದ್ದರು. ಆದರೂ 1900ರವರೆಗೆ ಎದುರಾಬದುರು ಕೂತು ಮಾತಾಡಲಿಲ್ಲ. ಬೇಕೆಂದೇ ಹಾಗೆ ಇಟ್ಟುಕೊಂಡಿದ್ದರು.

ಒಂದು ಉದಾಹರಣೆ ಹೇಳಲೇಬೇಕು. 1896ರ ಸೆಪ್ಟೆಂಬರ್. ಲೈಸಿಯಂನಲ್ಲಿ ಶೇಕ್ಸ್‌ಪಿಯರ್‌ನ ‘ಸಿಂಬೆಲೀನ್’ ನಾಟಕದ ತಾಲೀಮು ನಡೆಯುತ್ತಿದೆ. ಟೆರಿಗೆ ಇಮೊಜೆನ್ ಪಾತ್ರ. ಆ ಪಾತ್ರಕ್ಕೆ ಒಂದು ಕಷ್ಟದ ದೃಶ್ಯ ಇದೆ: ಔಷಧದ ಮಂಪರಿನಿಂದ ಎಚ್ಚರಾದಾಗ ಪಕ್ಕದಲ್ಲಿ ಗಂಡನ ಬಟ್ಟೆ ತೊಟ್ಟ ಹೆಣ, ಅದಕ್ಕೆ ತಲೆಯಿಲ್ಲ. ಇದನ್ನು ಹೇಗೆ ಆಡೋದು? ಷಾ ಸಾಲು ಸಾಲನ್ನೂ ಬಿಡಿಸಿ ಬರೆಯುತ್ತಾರೆ. ತಲೆ ಇಲ್ಲ ಅನ್ನೋದು ಕಣ್ಣು ಬಿಟ್ಟ ಕೂಡಲೇ ಗೊತ್ತಾಗಬಾರದು. ಮೊದಲು ಹೂವು, ಆಮೇಲೆ ಪಕ್ಕದಲ್ಲೊಬ್ಬ ಮನುಷ್ಯ, ಇದು ಕನಸೇ ಇರಬೇಕು ಅನ್ನೋ ಗೊಂದಲ. ಹೀಗೆ ಒಂದೊಂದೇ ತಿಳಿಯುತ್ತಾ ಹೋಗಬೇಕು, ಭಯ ಕೊನೆಗೆ ಬರಬೇಕು. ಟೆರಿಯೂ ಸುಮ್ನೆ ತಲೆಯಾಡಿಸುವವರಲ್ಲ, ತಮ್ಮ ಸಂದೇಹ ಹೇಳುತ್ತಾರೆ, ವಾದ ಮಾಡುತ್ತಾರೆ. ನಾಯಕಿಗೆ ಇಷ್ಟು ಪ್ರೀತಿಯಿಂದ ಪಾಠ ಹೇಳಿದ ಷಾ, ನಾಟಕ ತೆರೆ ಕಂಡ ವಾರದಲ್ಲೇ ಪತ್ರಿಕೆಯಲ್ಲಿ ಇರ್ವಿಂಗ್‌ರನ್ನೂ ಶೇಕ್ಸ್‌ಪಿಯರ್‌ನನ್ನೂ ಸೇರಿಸಿ ಝಾಡಿಸಿದರು! ಇರ್ವಿಂಗ್‌ಗೆ ಷಾ ಕಂಡರೆ ಆಗುತ್ತಿರಲಿಲ್ಲ ಅಂದರೆ ಆಶ್ಚರ್ಯ ಇಲ್ಲ ಬಿಡಿ.

‘ನಮ್ಮ ಕಂಪನಿ ನಾಟಕದವರನ್ನು ಬಿಟ್ಟು ಇವರ್ಯಾಕೆ?’ ಅಂತ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಕಲಾವಿದರ ಪತ್ರ ಯಾರ ಅಟ್ಟದ ಮೇಲಾದರೂ ಇದ್ದರೆ ದಯವಿಟ್ಟು ತಿಳಿಸಿ, ಓಡಿ ಬರುತ್ತೇವೆ. ಆದರೆ ಅಲ್ಲಿಯ ರಂಗಕ್ಕೂ ನಮಗೂ ನಂಟಿಲ್ಲ ಅಂತೇನಿಲ್ಲ. ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ಶ್ರೀಕಂಠೇಶಗೌಡರು ಮ್ಯಾಕ್‌ಬೆತ್‌ನನ್ನು ‘ಪ್ರತಾಪರುದ್ರದೇವ’ ಮಾಡಿ ಕನ್ನಡಕ್ಕೆ ತಂದಿದ್ದರು. ಜೊತೆಗೆ, ನಟಿಯೊಬ್ಬರು ಪಾತ್ರ ಕಟ್ಟೋದನ್ನು ತಾಲೀಮಿನ ದಿನಗಳಲ್ಲೇ ಬರೆದಿಟ್ಟ ಬರಹ ಕನ್ನಡದಲ್ಲಿ ಜಾಸ್ತಿ ಇಲ್ಲ. ನಾಟಕ ಕಲಿಯುವ ಮಕ್ಕಳಿಗೆ ಬೇಕಾಗಿರೋದು ಅದೇ ಅಲ್ವಾ?

ಕಾನೂನಿನ ತೊಡಕಿಲ್ಲ. ಟೆರಿ ತೀರಿಕೊಂಡದ್ದು 1928ರಲ್ಲಿ, ಪತ್ರಗಳು ಪುಸ್ತಕವಾದದ್ದು 1931ರಲ್ಲಿ, ಷಾ ತೀರಿಕೊಂಡದ್ದು 1950ರಲ್ಲಿ. ನಮ್ಮ ದೇಶದ ಕಾಯ್ದೆ ಪ್ರಕಾರ ಹಕ್ಕಿನ ಅವಧಿ ಮುಗಿದಿದೆ. ಖರ್ಚಿರೋದು ಅನುವಾದಕರ ಸಂಭಾವನೆ, ಡಿಟಿಪಿ, ಕರಡು ತಿದ್ದುವ ಕೆಲಸ, ಕಾಗದ ಮತ್ತು ಮುದ್ರಣಕ್ಕೆ. ಟ್ರಸ್ಟಿನ ಪದಾಧಿಕಾರಿಗಳು ಯಾರೂ ಸಂಭಾವನೆ ಪಡೆಯುವುದಿಲ್ಲ. ಪುಸ್ತಕ ಬಂದ ಮೇಲೆ ಇಬ್ಬರು ಕಲಾವಿದರಿಂದ ಪತ್ರಗಳ ರಂಗವಾಚನ ಮಾಡಿಸುತ್ತೇವೆ, ಪ್ರವೇಶ ಉಚಿತ.

ಇಂಗ್ಲೆಂಡಿನ ಜನ ಇಂಥದ್ದಕ್ಕೆ ಕೈ ಬಿಚ್ಚಿ ಕೊಟ್ಟಿದ್ದಾರೆ. ಟೆರಿ ಲೇಡಿ ಮ್ಯಾಕ್‌ಬೆತ್ ಆಗಿ ತೊಟ್ಟಿದ್ದ, ಹಸಿರು ಜೀರುಂಡೆಯ ರೆಕ್ಕೆಗಳನ್ನು ಹೊಲಿದ ಉಡುಪು ಜೀರ್ಣವಾಗಿತ್ತು. ದೇಣಿಗೆ ಕೂಡಿಸಿ, ಸಾವಿರಕ್ಕೂ ಹೆಚ್ಚು ಗಂಟೆ ಕೂತು ಅದನ್ನು ಸರಿಪಡಿಸಿ, 2011ರಲ್ಲಿ ಕೆಂಟ್‌ನ ಅವರ ಮನೆಯಲ್ಲೇ ಮತ್ತೆ ಪ್ರದರ್ಶನಕ್ಕೆ ಇಟ್ಟರು. ನಮ್ಮದು ಅಷ್ಟು ದೊಡ್ಡ ಕೆಲಸ ಅಲ್ಲ.

ನೂರು ರೂಪಾಯಿಯಿಂದ ಎಷ್ಟಾದರೂ ಕೊಡಬಹುದು. ಸಾವಿರ ರೂಪಾಯಿ ಮೇಲೆ ಕೊಟ್ಟವರಿಗೆ ಒಂದು ಪ್ರತಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಯಾರದಾದರೂ ನೆನಪಿಗೆ ಕೊಡುವುದಾದರೆ ಅವರ ಹೆಸರನ್ನು ಪುಸ್ತಕದಲ್ಲಿ ಹಾಕುತ್ತೇವೆ. ಇದರ ಜೊತೆಗಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಇಲ್ಲವೇ ಗ್ರಂಥಾಲಯಕ್ಕೆ ಬಂದು ಚೆಕ್ ಅಥವಾ ನಗದು ಕೊಡಿ. ರಸೀದಿ ತಪ್ಪದೆ ಪಡೆಯಿರಿ.

ಇಂತಿ,
ಅಧ್ಯಕ್ಷರು ಮತ್ತು ಸದಸ್ಯರು