ಕ್ಯಾಸೆಟ್ ಬದಲಿಸುವ ಮೊದಲು ಚೈನ್ ಅಳತೆ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ನಮಸ್ಕಾರ. ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಕುಮಟಾ ಅಂಗಡಿಯಲ್ಲಿ ಒಂದು ಬದಲಾವಣೆ ಆಗುತ್ತಿದೆ. ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಂಪು) ಸೈಜ್ ಬದಲಿಸುವುದಾದರೆ ಮೊದಲು ಚೈನ್ ಮತ್ತು ಡಿರೇಲರ್ (ಗೇರ್ ಬದಲಿಸುವಾಗ ಚೈನನ್ನು ಸರಿಸುವ ಭಾಗ) ನೋಡುತ್ತೇವೆ. ಚೈನ್ ಗಿಡ್ಡ ಬಿದ್ದರೆ ಕ್ಯಾಸೆಟ್ ಒಂದನ್ನೇ ಹಾಕಿ ಕೊಡುವುದಿಲ್ಲ. ಕೂಲಿ 200 ರೂಪಾಯಿ ಇದ್ದದ್ದು 350 ಆಗುತ್ತದೆ. ಇದರಿಂದ ನಿಮ್ಮ ಕೈಗೆ ಭಾರ ಬೀಳುತ್ತದೆ ಎಂದು ಗೊತ್ತು. ಅದಕ್ಕೆ ಕ್ಷಮೆ ಇರಲಿ.

ದೇವಿಮನೆ ಘಟ್ಟ ಹತ್ತುವವರು ಬಂದು "28 ತೆಗೆದು 34 ಹಾಕಿ ಕೊಡಿ" ಎನ್ನುತ್ತಾರೆ. ಆ ಏರಿಗೆ ಅದು ಬೇಕಾದದ್ದೇ. ಆದರೆ ಬಿಲ್ ಕೈಗೆ ಬಂದ ಮೇಲೆ ಒಂದೇ ಮಾತು: "ನಾವು ಕೇಳಿದ್ದು ಕ್ಯಾಸೆಟ್, ನೀವು ಚೈನನ್ನೂ ತಲೆಗೆ ಕಟ್ಟಿದಿರಿ." ಈ ಮಾತು ನಮಗೆ ನೋವು ಕೊಡುತ್ತದೆ. ಲೆಕ್ಕ ಬಿಡಿಸಿ ಹೇಳುತ್ತೇವೆ, ನೀವೇ ನೋಡಿ.

28, 34 ಅಂದರೆ ಕ್ಯಾಸೆಟ್ಟಿನ ಅತಿ ದೊಡ್ಡ ಹಲ್ಲುಗಾಲಿಯ ಹಲ್ಲುಗಳ ಲೆಕ್ಕ. 28ಕ್ಕಿಂತ 34ರಲ್ಲಿ ಆರು ಹಲ್ಲು ಜಾಸ್ತಿ. ಚೈನ್ ಹಿಡಿಯುವುದು ಅದರ ಅರ್ಧ ಸುತ್ತನ್ನು. ಅಂದರೆ ಮೂರು ಕೊಂಡಿ ಜಾಸ್ತಿ ಬೇಕು. ಒಳಕೊಂಡಿ, ಹೊರಕೊಂಡಿ ಜೋಡಿಯಾಗಿಯೇ ಕೂಡಬೇಕಲ್ವಾ, ಹಾಗಾಗಿ ಮೂರು ನಾಲ್ಕಾಗುತ್ತದೆ. ಒಂದು ಕೊಂಡಿ ಅರ್ಧ ಇಂಚು, ಒಟ್ಟು ಎರಡು ಇಂಚು. ಚೈನಿನಲ್ಲಿ ಅಷ್ಟು ಸಡಿಲ ಇಲ್ಲದಿದ್ದರೆ, ಮುಂದೂ ಹಿಂದೂ ದೊಡ್ಡದಕ್ಕೆ ಹಾಕಿದ ಕೂಡಲೇ ಅದು ಬಿಗಿಯುತ್ತದೆ. ಪೆಡಲ್ ಮೇಲಿನ ಬಲಕ್ಕೆ ಹ್ಯಾಂಗರ್ (ಡಿರೇಲರ್ ಕೂರಿಸುವ ತುಂಡು) ಮುರಿಯಬಹುದು, ಡಿರೇಲರ್ ಸ್ಪೋಕಿಗೆ ಸಿಕ್ಕಿಕೊಂಡರೆ ಚಕ್ರವೂ ಹಾಳು. ಘಟ್ಟದ ನಡುವೆ ಹೀಗಾದರೆ ಸೈಕಲ್ ಹೊತ್ತು ಇಳಿಯಬೇಕು. ಚೈನ್ ದುಡ್ಡು ಉಳಿಸಲು ಹೋಗಿ ನಮ್ಮ ಗ್ರಾಹಕರು ಆ ಪಾಡು ಪಡುವುದು ನಮಗೆ ಬೇಡ.

"ಹಳೆ ಚೈನಿಗೆ ಒಂದು ತುಂಡು ಸೇರಿಸಿ" ಎನ್ನುವವರೂ ಇದ್ದಾರೆ. ನಮ್ಮ ಕಡೆ ಉಪ್ಪುಗಾಳಿ, ಮಳೆಗಾಲದಲ್ಲಿ ಕೆಮ್ಮಣ್ಣಿನ ರಾಡಿ. ಪಿನ್ನು ಸವೆದು ಕೊಂಡಿಗಳ ನಡುವಿನ ಅಂತರ ಹಿಗ್ಗಿರುತ್ತದೆ. ಅಂಥ ಚೈನಿಗೆ ಹೊಸ ತುಂಡು ಸರಿ ಕೂಡುವುದಿಲ್ಲ, ಹೊಸ ಕ್ಯಾಸೆಟ್ ಮೇಲೆ ಅದು ಜಿಗಿಯುತ್ತದೆ, ಹಲ್ಲನ್ನೂ ತಿನ್ನುತ್ತದೆ.

ಅಳತೆ ನಿಮ್ಮ ಎದುರೇ ಮಾಡುತ್ತೇವೆ. ಚೈನನ್ನು ಡಿರೇಲರ್ ಒಳಗೆ ಹಾಯಿಸದೆ, ಮುಂದಿನ ದೊಡ್ಡ ರಿಂಗು ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಗಾಲಿಯ ಮೇಲೆ ಸುತ್ತಿ, ಎರಡೂ ತುದಿ ಎಳೆದು ಕೂಡಿಸುತ್ತೇವೆ. ಕೂಡಿದ ಮೇಲೆ ಇನ್ನೆರಡು ಕೊಂಡಿ ಉಳಿಯಬೇಕು. ಉಳಿದರೆ, ಗೇಜಿನಲ್ಲೂ ಸವೆತ ಕಾಣದಿದ್ದರೆ, ಹಳೆ ಚೈನೇ ಇರಲಿ ಎಂದು ನಾವೇ ಹೇಳುತ್ತೇವೆ. ಡಿರೇಲರ್ ಮಾತು ಬೇರೆ. ಮುಂದಿನ ಎರಡು ರಿಂಗು 50 ಮತ್ತು 34 ಹಲ್ಲಿನವು (ವ್ಯತ್ಯಾಸ 16), ಹಿಂದೆ ಚಿಕ್ಕದು 11, ದೊಡ್ಡದು 34 (ವ್ಯತ್ಯಾಸ 23) ಆದರೆ ಅದು ಒಟ್ಟು 39 ಹಲ್ಲಿನ ವ್ಯತ್ಯಾಸ ಸುಧಾರಿಸಬೇಕು. 11-28 ಇದ್ದಾಗ 33 ಸಾಕಿತ್ತು. ಶಾರ್ಟ್ ಕೇಜ್ ಡಿರೇಲರ್‌ಗಳಲ್ಲಿ (ಚೈನ್ ಬಿಗಿ ಹಿಡಿಯುವ ತೋಳು ಗಿಡ್ಡ ಇರುವವು) ಬಹಳಷ್ಟಕ್ಕೆ 39 ಆಗುವುದಿಲ್ಲ. ಆಗ 34ರ ಕ್ಯಾಸೆಟ್ ಬೇಡ ಎನ್ನುತ್ತೇವೆ, ಮಾರಾಟ ತಪ್ಪಿದರೂ.

"ಜಿಎಸ್‌ಟಿ ಇಳಿದರೂ ಬಿಲ್ ಏಕೆ ಇಳಿದಿಲ್ಲ?" ಎಂಬ ಪ್ರಶ್ನೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಬಿಡಿಭಾಗಗಳ ತೆರಿಗೆ 12ರಿಂದ 5 ಶೇಕಡಕ್ಕೆ ಬಂತು. ಆ ಇಳಿಕೆ ನಿಮ್ಮ ಬಿಲ್ಲಿನಲ್ಲೇ ಇದೆ, ಹಳೆ ಬಿಲ್ ಜೊತೆ ಇಟ್ಟು ನೋಡಿ. ಏರಿದ್ದು ಮಾಲಿನ ಮೂಲ ಬೆಲೆ ಮತ್ತು ಪಾರ್ಸೆಲ್ ಬಾಡಿಗೆ. ದೊಡ್ಡ ಊರಿನ ಅಂಗಡಿ ಪೆಟ್ಟಿಗೆಗಟ್ಟಲೆ ತರಿಸುತ್ತದೆ. ನಾವು ಹತ್ತು ಸ್ಪೀಡಿನ (ಹಿಂದೆ ಹತ್ತು ಹಲ್ಲುಗಾಲಿ ಇರುವ ಸೈಕಲ್ಲಿನ) ಚೈನ್ ಒಂದನ್ನೇ ತರಿಸಿದರೂ ಬಾಡಿಗೆ ಪೂರಾ ಕೊಡಬೇಕು. ಹೆಚ್ಚಿದ ಕೂಲಿ ಹುಡುಗರ ಸಂಬಳಕ್ಕೆ ಹೋಗುತ್ತದೆ. ಈ ಕೆಲಸ ಇಷ್ಟು ಅಚ್ಚುಕಟ್ಟಾಗಿ ಮಾಡುವ ಕೈಗಳು ಸುಲಭವಾಗಿ ಸಿಗುವುದಿಲ್ಲ.

ಹಳೆ ಚೈನನ್ನು ಕಾಗದದಲ್ಲಿ ಸುತ್ತಿ ನಿಮ್ಮ ಕೈಗೇ ಕೊಡುತ್ತೇವೆ. ಪೇಟೆ, ಸಮುದ್ರದ ದಂಡೆ ಇಷ್ಟೇ ಓಡಾಟವಿದ್ದರೆ 28 ಸಾಕು, ಸುಮ್ನೆ ಖರ್ಚು ಮಾಡಬೇಡಿ. ಬರುವ ಮೊದಲು ಕ್ಯಾಸೆಟ್ ಮೇಲೆ ಕೊರೆದ ಸಂಖ್ಯೆ, ಡಿರೇಲರ್, ಇವೆರಡರ ಫೋಟೊ ನಮ್ಮ ವಾಟ್ಸಾಪಿಗೆ ಕಳಿಸಿ. ಬೇಕಾದ ಚೈನ್ ಅಂಗಡಿಯಲ್ಲಿ ಇದೆಯೋ, ತರಿಸಬೇಕೋ, ಒಟ್ಟು ಎಷ್ಟಾಗುತ್ತದೋ ಅವತ್ತೇ ತಿಳಿಸುತ್ತೇವೆ.

ಇಂತಿ ನಿಮ್ಮ,
ಸೈಕಲ್ ಅಂಗಡಿಯವರು, ಕುಮಟಾ