ಓದದೇ ಜಗಳವಾಡಿದ ಕರಡು: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

2024ರ ಜುಲೈನಲ್ಲಿ, ಖಾಸಗಿ ಕಂಪನಿ, ಕಾರ್ಖಾನೆಗಳ ಹುದ್ದೆಗಳನ್ನು ಸ್ಥಳೀಯರಿಗೆ ಮೀಸಲಿಡುವ, ತಮ್ಮ ಇಲಾಖೆಯ ಸ್ಥಳೀಯ ಅಭ್ಯರ್ಥಿಗಳ ಉದ್ಯೋಗ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಮಸೂದೆ ಸರಿಯೋ ತಪ್ಪೋ ಎಂದು ವಾದಿಸುವುದು ಈ ಪತ್ರದ ಉದ್ದೇಶವಲ್ಲ. ಆ ದಿನಗಳಲ್ಲಿ ನಾವೆಲ್ಲ ಯಾವುದರ ಬಗ್ಗೆ ಜಗಳವಾಡಿದೆವು ಎಂಬುದನ್ನಷ್ಟೇ ತಮ್ಮ ಮುಂದಿಡಬೇಕಾಗಿದೆ.

ಕರಡಿನಲ್ಲಿ ಇದ್ದದ್ದು ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲು. ಮುಖ್ಯಮಂತ್ರಿಯವರ ಎಕ್ಸ್ ಖಾತೆಯಲ್ಲಿ ಕಾಣಿಸಿಕೊಂಡದ್ದು ಸಿ ಮತ್ತು ಡಿ ದರ್ಜೆಯ ಹುದ್ದೆಗಳೆಲ್ಲ, ಅಂದರೆ ಶೇ 100, ಕನ್ನಡಿಗರಿಗೆ ಎಂಬ ಮಾತು. ತಾವು ಸ್ಪಷ್ಟನೆ ಕೊಟ್ಟಿರಿ, ಆ ಪೋಸ್ಟ್ ಅಳಿಸಿಹೋಯಿತು. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್‌ಗಳು ದೇಶ ಸುತ್ತಿದ್ದವು. 'ನಾವು ಹೊರಟರೆ ಬೆಂಗಳೂರು ಖಾಲಿ' ಎನ್ನುವವರೂ 'ಹೊರಡಿ, ಯಾರು ತಡೆದರು' ಎನ್ನುವವರೂ ಕರಡಿನ ಒಂದು ಸಾಲನ್ನೂ ಓದಿರಲಿಲ್ಲ. ಓದಲು ಅದು ಕೈಗೆ ಸಿಕ್ಕಿರಲಿಲ್ಲ ಎಂಬುದೂ ನಿಜ.

ಓದಿದ್ದರೆ ಬೇರೆಯದೇ ಜಗಳವಾಗುತ್ತಿತ್ತು, ಮತ್ತು ಅದು ಆಡಬೇಕಾದ ಜಗಳವೇ ಆಗಿತ್ತು. ಪತ್ರಿಕೆಗಳಲ್ಲಿ ಬಂದ ಕರಡಿನ ವಿವರದ ಪ್ರಕಾರ, ಸ್ಥಳೀಯ ಅಭ್ಯರ್ಥಿ ಎಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವರು. ಹಾಗಾದರೆ ಬಿಹಾರದಿಂದ ಬಂದ ಗಾರೆ ಕೆಲಸಗಾರನ, ಪೀಣ್ಯದಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ಮಗಳು ಸ್ಥಳೀಯಳು. ಕೇರಳದ ಕಾಸರಗೋಡಿನಲ್ಲೋ ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲೋ ಹುಟ್ಟಿದ ಕನ್ನಡಿಗ ಹೊರಗಿನವನು. ಕನ್ನಡಿಗ ಯಾರು, ಸ್ಥಳೀಯ ಯಾರು ಎಂಬ ಈ ತೊಡಕಿನ ಪ್ರಶ್ನೆ ಹದಿನೈದು ಸೆಕೆಂಡಿನ ರೀಲ್ಸ್‌ಗೆ ಒಗ್ಗುವುದಿಲ್ಲ, ಸಿಟ್ಟು ಒಗ್ಗುತ್ತದೆ. ಹೆಚ್ಚು ಪ್ರತಿಕ್ರಿಯೆ ಬಂದದ್ದನ್ನೇ ಹೆಚ್ಚು ಜನರಿಗೆ ತೋರಿಸುವ ವ್ಯವಸ್ಥೆಯಲ್ಲಿ, ಬೈಗುಳಕ್ಕೆ ಬಂದ ಬೈಗುಳವೂ ಪ್ರತಿಕ್ರಿಯೆಯೇ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಸಿಗದ ಹಿರಿಯರ ನ್ಯಾಯವಾದ ದೂರು ಕೂಡ ಅಲ್ಲಿಗೆ ಬಂದೊಡನೆ ಎರಡು ಪಾಳೆಯಗಳ ಸರಕಾಗುತ್ತದೆ. ಬೆಂಗಳೂರಿನ ವಲಸಿಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಾಜ್ಯದೊಳಗಿಂದಲೇ ಬಂದವರೆಂದು 2011ರ ಜನಗಣತಿ ಹೇಳಿದರೂ, ಯಾದಗಿರಿ, ರಾಯಚೂರಿನಿಂದ ಬಂದು ಶೆಡ್ಡುಗಳಲ್ಲಿ ಬದುಕುವವರು ಈ ಜಗಳದ ಎರಡೂ ಕಡೆ ಕಾಣುವುದಿಲ್ಲ.

ಮಾತು ಪರದೆಯಿಂದ ಬೀದಿಗಿಳಿದದ್ದನ್ನೂ ಈ ನಗರ ಕಂಡಿದೆ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಿಗೆ ಹಬ್ಬಿದ ಎಸ್‌ಎಂಎಸ್ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸುಳ್ಳು ನಂಬಿದ ಗುಂಪು ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಹೊಡೆದು ಕೊಂದಿತು.

ವದಂತಿ ಹಬ್ಬಿಸುವವರನ್ನು ಹಿಡಿಯುವುದು ಪೊಲೀಸರ ಕೆಲಸ. ತಮ್ಮಿಂದ ಆಗಬೇಕಾದದ್ದು ಬೇರೆ. ವಲಸೆ ಮತ್ತು ಉದ್ಯೋಗಕ್ಕೆ ಸಂಬಂಧಿಸಿದ ಯಾವುದೇ ಮಸೂದೆಯ ಪೂರ್ಣ ಕರಡು, ಸಚಿವರ ಪೋಸ್ಟ್‌ಗಿಂತ ಮೊದಲು, ಕನ್ನಡದಲ್ಲಿ ಸಾರ್ವಜನಿಕರಿಗೆ ಸಿಗಲಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಡಿ ದಾಖಲಾದವರ ಲೆಕ್ಕವೂ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿತರಾದವರ ಲೆಕ್ಕವೂ, ಹೆಸರುಗಳಿಲ್ಲದೆ, ಜಿಲ್ಲಾವಾರು ಪ್ರಕಟವಾಗಲಿ. ಯಾರು ಯಾರ ಕೆಲಸ ಕಿತ್ತುಕೊಂಡರು ಎಂಬ ವಾದಕ್ಕೆ ಆಗ ಒಂದಿಷ್ಟಾದರೂ ನೆಲ ಸಿಕ್ಕೀತು.

ಈ ಪತ್ರಕ್ಕೆ ಉತ್ತರಿಸುವ ಮನಸ್ಸಾದರೆ ದಯವಿಟ್ಟು ಎಕ್ಸ್‌ನಲ್ಲಿ ಬೇಡ. ತಡೆಹಿಡಿದ ಆ ಕರಡನ್ನೇ ಇಲಾಖೆಯ ಜಾಲತಾಣದಲ್ಲಿ ಹಾಕಿಸಿದರೆ ಸಾಕು, ಓದಿಕೊಳ್ಳುತ್ತೇವೆ.

ವಂದನೆಗಳೊಂದಿಗೆ,
ಬೆಂಗಳೂರಿನ ಒಬ್ಬ ಮತದಾರ